ಮಧ್ಯಾಹ್ನ ಮೂರರಿಂದ ರಾತ್ರಿ ಹತ್ತರವರೆಗೆ: ಐಸ್‌ಲ್ಯಾಂಡ್ ತನ್ನ ಮಕ್ಕಳ ಸಂಜೆಗಳನ್ನು ಸರಿಪಡಿಸಿದ ಪ್ರಕರಣ

1998ರಲ್ಲಿ ಐಸ್‌ಲ್ಯಾಂಡಿನ ಹದಿನೈದು-ಹದಿನಾರು ವಯಸ್ಸಿನ ನೂರು ಮಕ್ಕಳಲ್ಲಿ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದರು. ದಿನಾ ಸಿಗರೇಟು ಸೇದುತ್ತಿದ್ದವರು 23 ಮಂದಿ, ಗಾಂಜಾ ಮುಟ್ಟಿ ನೋಡಿದವರು 17. 2016ರ ಹೊತ್ತಿಗೆ ಇವೇ ಅಂಕಿಗಳು 5, 3 ಮತ್ತು 7ಕ್ಕೆ ಇಳಿದಿದ್ದವು. ಅಷ್ಟರಲ್ಲಿ ಯೂರೋಪಿನ ಬಹುತೇಕ ದೇಶಗಳಲ್ಲೂ ಹದಿಹರೆಯದವರ ಕುಡಿತ ಕಡಿಮೆಯಾಗಿತ್ತು, ಆದರೆ ಈ ಪ್ರಮಾಣದಲ್ಲಿ ಅಲ್ಲ. 2015ರಲ್ಲಿ ಯೂರೋಪಿನ ಶಾಲಾ ಮಕ್ಕಳ ನಡುವೆ ನಡೆದ ಸಮೀಕ್ಷೆಯಲ್ಲಿ ಹಿಂದಿನ ತಿಂಗಳು ಮದ್ಯ ಕುಡಿದವರ ಸರಾಸರಿ ಪ್ರಮಾಣ ಶೇ 48, ಐಸ್‌ಲ್ಯಾಂಡಿನದು ಶೇ 9.

ಈ ಕಥೆಯನ್ನು ಸಾಮಾನ್ಯವಾಗಿ ವ್ಯಸನಮುಕ್ತಿಯ ಕಥೆಯಾಗಿ ಹೇಳುತ್ತಾರೆ. ಅದು ಅರ್ಧ ನಿಜ. ಅಲ್ಲಿ ಬದಲಾದದ್ದು ಮಕ್ಕಳಿಗೆ ಕೊಟ್ಟ ಬುದ್ಧಿಮಾತಲ್ಲ, ಶಾಲೆ ಬಿಟ್ಟ ಮೇಲಿನ ಅವರ ಹೊತ್ತು. ಆ ಹೊತ್ತಿನಲ್ಲಿ ಅವರು ಎಲ್ಲಿದ್ದರು, ಯಾರ ಜೊತೆ ಇದ್ದರು, ಯಾವ ದೊಡ್ಡವರಿಗೆ ಅವರ ಹೆಸರು ಗೊತ್ತಿತ್ತು ಎಂಬುದು ಬದಲಾಯಿತು. ಸಿಗರೇಟು ಮತ್ತು ಮದ್ಯದ ಅಂಕಿ ಇಳಿದದ್ದು ಅದರ ಹಿಂದೆಯೇ.

ಮಕ್ಕಳ ಆರೋಗ್ಯ ಕ್ಷೇತ್ರದಲ್ಲಿ ಇಂದು ‘ಬಾಲ್ಯದ ಒಳ್ಳೆಯ ಅನುಭವಗಳು’ ಎಂದು ಕರೆಯುವುದು ಇದನ್ನೇ. 1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ಪ್ರಕಟಿಸಿದ ಅಧ್ಯಯನ ಬಾಲ್ಯದ ಕಹಿ ಅನುಭವಗಳು ದೊಡ್ಡವರಾದ ಮೇಲಿನ ಕಾಯಿಲೆಗಳಿಗೆ ಹೇಗೆ ಅಂಟಿಕೊಂಡಿವೆ ಎಂದು ತೋರಿಸಿತು. ಮುಂದಿನ ಎರಡು ದಶಕ ಎಲ್ಲರೂ ಆ ಕಹಿಯನ್ನೇ ಎಣಿಸುತ್ತ ಕುಳಿತರು. 2019ರಲ್ಲಿ ಸಂಶೋಧಕಿ ಕ್ರಿಸ್ಟಿನಾ ಬೆಥೆಲ್ ಮತ್ತು ಸಂಗಡಿಗರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ 6,188 ವಯಸ್ಕರ ಉತ್ತರಗಳನ್ನು ಇಟ್ಟುಕೊಂಡು ಪ್ರಶ್ನೆಯನ್ನು ತಿರುಗಿಸಿದರು. ಮನೆಯವರ ಜೊತೆ ಮನಸ್ಸಿನ ಮಾತು ಆಡಲು ಆಗುತ್ತಿತ್ತೇ? ಕಷ್ಟ ಬಂದಾಗ ಮನೆಯವರು ಬೆನ್ನಿಗೆ ನಿಂತರೇ? ಮನೆಯಲ್ಲಿ ನಿಮ್ಮನ್ನು ಕಾಯುವ ದೊಡ್ಡವರು ಇದ್ದಾರೆ ಎಂಬ ಧೈರ್ಯವಿತ್ತೇ? ತಂದೆ-ತಾಯಿ ಬಿಟ್ಟು ಕನಿಷ್ಠ ಇಬ್ಬರು ಹಿರಿಯರಿಗೆ ನಿಮ್ಮ ಬಗ್ಗೆ ನಿಜವಾದ ಕಾಳಜಿ ಇತ್ತೇ? ಗೆಳೆಯರ ಆಸರೆ ಇತ್ತೇ? ಶಾಲೆ ನನ್ನದು ಅನ್ನಿಸುತ್ತಿತ್ತೇ? ಊರಿನ ಹಬ್ಬ-ಆಚರಣೆಗಳಲ್ಲಿ ಖುಷಿಯಿಂದ ಪಾಲ್ಗೊಳ್ಳುತ್ತಿದ್ದಿರೇ? ಈ ಏಳರಲ್ಲಿ ಆರೇಳಕ್ಕೆ ಹೌದು ಎಂದವರಲ್ಲಿ, ಎರಡು ಅಥವಾ ಅದಕ್ಕಿಂತ ಕಡಿಮೆಗೆ ಹೌದು ಎಂದವರಿಗೆ ಹೋಲಿಸಿದರೆ, ಖಿನ್ನತೆ ಅಥವಾ ಕುಗ್ಗಿದ ಮಾನಸಿಕ ಆರೋಗ್ಯದ ಸಂಭವ ಶೇ 72ರಷ್ಟು ಕಡಿಮೆಯಿತ್ತು. ಕಹಿ ಅನುಭವ ಉಂಡವರಲ್ಲೂ ಈ ನಂಟು ಅಳಿಸಿಹೋಗಲಿಲ್ಲ.

ಏಳರಲ್ಲಿ ಮೂರು ಮನೆಯೊಳಗಿನವು. ಉಳಿದ ನಾಲ್ಕು ಶಾಲೆ, ಗೆಳೆಯರ ಗುಂಪು ಮತ್ತು ಊರಿಗೆ ಸೇರಿದವು. ತಾಯಿ-ತಂದೆ ಎಷ್ಟೇ ಒಳ್ಳೆಯವರಾದರೂ ಆ ನಾಲ್ಕನ್ನು ಒಬ್ಬರೇ ಒದಗಿಸಲಾರರು. ಹಾಗಾದರೆ ಒಂದು ಊರು ಅಥವಾ ಒಂದು ದೇಶ ಅವನ್ನು ಹೇಗೆ ಒದಗಿಸಬೇಕು? ಇದಕ್ಕೆ ದಾಖಲೆ ಸಮೇತ ಸಿಗುವ ಉತ್ತರಗಳಲ್ಲಿ ಐಸ್‌ಲ್ಯಾಂಡಿನದು ಎಲ್ಲಕ್ಕಿಂತ ಉದ್ದದ್ದು. ಅಲ್ಲಿ ಕೆಲಸ ಶುರುವಾದಾಗ ಬೆಥೆಲ್ ಅವರ ಪಟ್ಟಿ ಇನ್ನೂ ಹುಟ್ಟಿರಲಿಲ್ಲ ಎನ್ನುವುದನ್ನೂ ಗಮನಿಸಬೇಕು.

ಹಿನ್ನೆಲೆ

ತೊಂಬತ್ತರ ದಶಕದ ಕೊನೆಯಲ್ಲಿ ಐಸ್‌ಲ್ಯಾಂಡಿನ ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಸುತ್ತಲಿನವರು. ಡಿಸೆಂಬರ್‌ನಲ್ಲಿ ಹಗಲು ನಾಲ್ಕೈದು ಗಂಟೆ ಇದ್ದರೆ ಹೆಚ್ಚು, ಜೂನ್‌ನಲ್ಲಿ ಕತ್ತಲೆಯೇ ಆಗುವುದಿಲ್ಲ. ಅಪ್ಪ-ಅಮ್ಮ ಇಬ್ಬರೂ ದುಡಿಯುವುದು ಅಲ್ಲಿ ರೂಢಿ. ಶಾಲೆ ಮಧ್ಯಾಹ್ನ ಎರಡು-ಮೂರಕ್ಕೆ ಬಿಟ್ಟರೆ ಹದಿಹರೆಯದ ಹುಡುಗ-ಹುಡುಗಿಯರ ಕೈಯಲ್ಲಿ ಸಂಜೆ ಪೂರ್ತಿ ಖಾಲಿ. ಬಿಯರ್ ಮೇಲಿನ ದಶಕಗಳ ನಿಷೇಧ ತೆರವಾದದ್ದು 1989ರ ಮಾರ್ಚ್ 1ರಂದು. ಶುಕ್ರವಾರ ರಾತ್ರಿ ನಗರದ ನಡುಬೀದಿಯಲ್ಲಿ ಕುಡಿದ ಮಕ್ಕಳ ಗುಂಪು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದನ್ನು ಬೆಳೆಯುವ ವಯಸ್ಸಿನ ಒಂದು ಘಟ್ಟ ಎಂದು ಜನ ಒಪ್ಪಿಕೊಂಡಿದ್ದರು.

ತರಗತಿಯಲ್ಲಿ ಮಾದಕ ವಸ್ತುಗಳ ಅಪಾಯ ವಿವರಿಸುವ ಪಾಠಗಳು ಬೇರೆಡೆಯಂತೆ ಅಲ್ಲೂ ಇದ್ದವು. ಅಂಥ ಪಾಠಗಳು ಮಕ್ಕಳ ತಿಳಿವಳಿಕೆಯನ್ನು ಹೆಚ್ಚಿಸುತ್ತವೆ, ನಡವಳಿಕೆಯನ್ನು ಬದಲಿಸುವುದು ಕಡಿಮೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರೇ ಶಾಲೆಗೆ ಬಂದು ಪಾಠ ಮಾಡುವ ‘ಡೇರ್’ ಕಾರ್ಯಕ್ರಮ ಶುರುವಾಗಿ ಅಮೆರಿಕದ ತುಂಬ ಹಬ್ಬಿತು. ಪರೀಕ್ಷಿಸಿ ನೋಡಿದವರಿಗೆ ಅದರಿಂದ ಹೆಚ್ಚೇನೂ ಆಗದಿರುವುದು ಮತ್ತೆ ಮತ್ತೆ ಕಂಡಿತು. ಹದಿನೈದರ ಹುಡುಗನಿಗೆ ಸಿಗರೇಟು ಕೆಟ್ಟದ್ದು ಎಂಬುದು ಗೊತ್ತಿಲ್ಲದೆ ಅವನು ಸೇದುತ್ತಿರುವುದಿಲ್ಲ.

ಮೊದಲು ಕೇಳಿ ನೋಡಿದ್ದು

1992ರಿಂದ ಅಲ್ಲಿನ ಒಂಬತ್ತು ಮತ್ತು ಹತ್ತನೇ ತರಗತಿಗಳಲ್ಲಿ ದೇಶವ್ಯಾಪಿ ಪ್ರಶ್ನಾವಳಿ ಹಂಚುವುದು ಆರಂಭವಾಯಿತು. ಕುಡಿದಿದ್ದೀಯಾ, ಸೇದಿದ್ದೀಯಾ ಎಂಬ ಪ್ರಶ್ನೆಗಳ ಪಕ್ಕದಲ್ಲೇ ಬೇರೆ ಬಗೆಯ ಪ್ರಶ್ನೆಗಳಿದ್ದವು. ವಾರದಲ್ಲಿ ಅಪ್ಪ-ಅಮ್ಮನ ಜೊತೆ ಎಷ್ಟು ಹೊತ್ತು ಕಳೆಯುತ್ತೀಯಾ? ಅವರ ಜೊತೆ ಸಲುಗೆ ಇದೆಯಾ? ಶಾಲೆಯ ಹೊರಗೆ ಏನು ಮಾಡುತ್ತೀಯಾ? ಎರಡೂ ಬಗೆಯ ಉತ್ತರಗಳನ್ನು ಜೋಡಿಸಿ ನೋಡಿದಾಗ ಶಾಲೆ ಶಾಲೆಗೂ ವ್ಯತ್ಯಾಸ ಕಂಡಿತು. ಮಕ್ಕಳನ್ನು ಕಾಪಾಡುತ್ತಿದ್ದ ಅಂಶಗಳೂ ಎದ್ದು ಕಂಡವು: ವಾರಕ್ಕೆ ಮೂರು-ನಾಲ್ಕು ಸಲ ದೊಡ್ಡವರ ಉಸ್ತುವಾರಿಯಲ್ಲಿ ನಡೆಯುವ ಆಟ ಅಥವಾ ಕಲಾ ತರಬೇತಿ, ವಾರದ ದಿನಗಳಲ್ಲಿ ಹೆತ್ತವರ ಜೊತೆ ಕಳೆದ ಒಟ್ಟು ಹೊತ್ತು, ಶಾಲೆಯಲ್ಲಿ ನನ್ನನ್ನು ಕೇಳುವವರಿದ್ದಾರೆ ಎಂಬ ಭಾವನೆ, ತಡರಾತ್ರಿ ಬೀದಿಯಲ್ಲಿ ಇಲ್ಲದಿರುವುದು.

ಈ ಕೆಲಸದ ನಡುವೆ ಇದ್ದವರು ಇಂಗಾ ಡೋರಾ ಸಿಗ್‌ಫುಸ್‌ಡಾಟಿರ್, ಆಗ ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಹಾಯಕಿ. ಅಮೆರಿಕದ ಡೆನ್ವರ್‌ನ ಮನಶ್ಶಾಸ್ತ್ರಜ್ಞ ಹಾರ್ವಿ ಮಿಲ್ಕ್‌ಮನ್ ತೊಂಬತ್ತರ ದಶಕದ ಆರಂಭದಿಂದ ಅಲ್ಲಿಗೆ ಉಪನ್ಯಾಸಕ್ಕೆ ಬರುತ್ತಿದ್ದರು. ಅಮಲಿನ ಬದಲು ಸಂಗೀತ, ನೃತ್ಯ, ಸಮರಕಲೆಗಳಿಂದಲೇ ಮನಸ್ಸಿಗೆ ಅಂಥದೇ ಉಲ್ಲಾಸ ಸಿಗುವಂತೆ ಮಾಡಬಹುದು ಎಂಬುದು ಅವರ ವಾದ. ಡೆನ್ವರ್‌ನಲ್ಲಿ 1992ರಲ್ಲಿ ದಾರಿ ತಪ್ಪಿದ ಹದಿಹರೆಯದವರಿಗಾಗಿ ಅಂಥದ್ದೊಂದು ಕಾರ್ಯಕ್ರಮ ಶುರುಮಾಡಿದ್ದರು. ಮಕ್ಕಳಿಗೆ ಮೂರು ತಿಂಗಳು ಎಂದು ಹೇಳಿದ್ದರೂ ಕೆಲವರು ಐದು ವರ್ಷ ಬಿಡದೆ ಬಂದರು. ಇಂಗಾ ಡೋರಾ ಎತ್ತಿದ ಪ್ರಶ್ನೆ ಇಡೀ ಪ್ರಕರಣದ ದಿಕ್ಕು ಬದಲಿಸಿತು. ದಾರಿ ತಪ್ಪಿದವರಿಗೇ ಏಕೆ? ಎಲ್ಲ ಮಕ್ಕಳಿಗೂ, ತಪ್ಪುವ ಮೊದಲೇ, ಅದನ್ನು ಏಕೆ ಒದಗಿಸಬಾರದು?

1997ರಲ್ಲಿ ಸರ್ಕಾರ, ರೇಕ್ಯಾವಿಕ್ ನಗರಸಭೆ ಮತ್ತು ಮಾದಕ ವಸ್ತು ವಿರೋಧಿ ಯೂರೋಪಿಯನ್ ನಗರಗಳ ಒಕ್ಕೂಟ ಸೇರಿ ‘2002ರೊಳಗೆ ಮಾದಕ ವಸ್ತುರಹಿತ ಐಸ್‌ಲ್ಯಾಂಡ್’ ಎಂಬ ಯೋಜನೆ ಘೋಷಿಸಿದವು. ಆ ಹೆಸರಿಗೆ ತಕ್ಕ ದಿನ ಬರಲಿಲ್ಲ, ಬರುವುದೂ ಇರಲಿಲ್ಲ. ಆದರೆ ಹಣ, ಸಮೀಕ್ಷೆ ಮತ್ತು ಪಾಲಕರ ಸಂಘಟನೆ ಒಂದೇ ಚಾವಣಿಯಡಿ ಬಂದದ್ದು ಅದರಿಂದಲೇ.

ಫ್ರಿಜ್ ಬಾಗಿಲಿನ ಮೇಲಿನ ಕಾಗದ

ಮಕ್ಕಳು ರಾತ್ರಿ ಹೊರಗಿರುವ ಹೊತ್ತಿಗೆ ಮಿತಿ ಹಾಕುವ ಕಾನೂನು ಐಸ್‌ಲ್ಯಾಂಡಿನಲ್ಲಿದೆ. ಹನ್ನೆರಡು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು ಸೆಪ್ಟೆಂಬರ್ 1ರಿಂದ ಮೇ 1ರವರೆಗೆ ರಾತ್ರಿ 8ರ ಮೇಲೆ, ಬೇಸಿಗೆಯಲ್ಲಿ 10ರ ಮೇಲೆ ದೊಡ್ಡವರಿಲ್ಲದೆ ಹೊರಗಿರುವಂತಿಲ್ಲ. ಹದಿಮೂರರಿಂದ ಹದಿನಾರರವರಿಗೆ ಚಳಿಗಾಲದಲ್ಲಿ ರಾತ್ರಿ 10, ಬೇಸಿಗೆಯಲ್ಲಿ 12. ಶಾಲೆಯ ಕಾರ್ಯಕ್ರಮ, ಆಟದ ತರಬೇತಿ ಅಥವಾ ಯುವಕೇಂದ್ರದಿಂದ ಮನೆಗೆ ಮರಳುತ್ತಿದ್ದರೆ ವಿನಾಯಿತಿ. ವಯಸ್ಸನ್ನು ಲೆಕ್ಕ ಹಾಕುವುದು ಹುಟ್ಟಿದ ದಿನದಿಂದಲ್ಲ, ಹುಟ್ಟಿದ ವರ್ಷದಿಂದ. ಇದು ಸಣ್ಣ ವಿವರ ಎನ್ನಿಸಬಹುದು. ಆದರೆ ಒಂದೇ ತರಗತಿಯ ಎಲ್ಲ ಮಕ್ಕಳಿಗೂ ಒಂದೇ ದಿನ ನಿಯಮ ಬದಲಾಗುವುದರಿಂದ, ಅವಳಿಗೆ ಹದಿಮೂರಾಯಿತು ನನಗಿನ್ನೂ ಆಗಿಲ್ಲ ಎಂಬ ಮನೆಜಗಳಕ್ಕೆ ಜಾಗವೇ ಇಲ್ಲ.

ನಿಯಮ ಪುಸ್ತಕದಲ್ಲಿದ್ದರೂ ಪಾಲನೆ ಸಡಿಲವಾಗಿತ್ತು. ಅದನ್ನು ಗಟ್ಟಿಮಾಡಿದ್ದು ಪೊಲೀಸರಿಗಿಂತ ಹೆಚ್ಚಾಗಿ ಫ್ರಿಜ್‌ಗೆ ಅಂಟಿಸುವ ಒಂದು ಅಯಸ್ಕಾಂತದ ಹಾಳೆ. ಅಂಗೈಯಗಲದ ಆ ಹಾಳೆಯ ಮೇಲೆ ವಯಸ್ಸು, ಋತು, ಗಂಟೆ ಇಷ್ಟೇ. ಅದನ್ನು ಮಕ್ಕಳಿರುವ ಮನೆಗಳಿಗೆ ಹಂಚಿದರು. ‘ಎಲ್ಲರೂ ಹೊರಗಿದ್ದಾರೆ, ನಾನೊಬ್ಬಳೇ ಏಕೆ ಬರಬೇಕು’ ಎನ್ನುವ ಮಗಳಿಗೆ ಅಮ್ಮ ವಾದ ಮಾಡಬೇಕಿಲ್ಲ, ಫ್ರಿಜ್ ಕಡೆ ಕೈ ತೋರಿಸಿದರೆ ಸಾಕು. ಅದೇ ಹಾಳೆ ಪಕ್ಕದ ಮನೆಯಲ್ಲೂ ಇದೆ ಎಂಬುದು ಇಬ್ಬರಿಗೂ ಗೊತ್ತು.

ಜೊತೆಗೆ ಬಂದ ಕಾನೂನುಗಳು ಹೀಗಿವೆ: ಹದಿನೆಂಟಕ್ಕಿಂತ ಕೆಳಗಿನವರಿಗೆ ತಂಬಾಕು ಮಾರುವಂತಿಲ್ಲ, ಇಪ್ಪತ್ತಕ್ಕಿಂತ ಕೆಳಗಿನವರಿಗೆ ಮದ್ಯ ಮಾರುವಂತಿಲ್ಲ, ಎರಡರ ಜಾಹೀರಾತಿಗೂ ನಿಷೇಧ. 1998ರ ಆರಂಭದಿಂದ ಪ್ರಾಪ್ತ ವಯಸ್ಸನ್ನು ಹದಿನಾರರಿಂದ ಹದಿನೆಂಟಕ್ಕೆ ಏರಿಸಲಾಯಿತು. ಅಂದರೆ ಹದಿನೇಳರ ಮಗುವಿನ ಹೊಣೆ ಮತ್ತೆ ಹೆತ್ತವರ ಹೆಗಲಿಗೆ ಬಂತು.

ಪಾಲಕರ ಒಪ್ಪಂದ

ಈ ಪ್ರಕರಣದಲ್ಲಿ ಹೊರಗಿನವರು ಕಡೆಗಣಿಸುವ, ಆದರೆ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಒಂದು ಮನೆ ಒಂಟಿಯಾಗಿ ನಿಯಮ ಮಾಡಿದರೆ ಆ ಮನೆಯ ಮಗು ಗೆಳೆಯರ ನಡುವೆ ಒಂಟಿಯಾಗುತ್ತದೆ, ಕೆಲವೇ ವಾರಗಳಲ್ಲಿ ಮನೆಯವರೇ ಸೋಲುತ್ತಾರೆ. ಇಡೀ ತರಗತಿಯ ಹೆತ್ತವರು ಒಟ್ಟಿಗೆ ನಿಯಮ ಮಾಡಿದರೆ ಅದು ಯಾವ ಮಗುವಿಗೂ ಶಿಕ್ಷೆಯಾಗುವುದಿಲ್ಲ.

‘ಮನೆ ಮತ್ತು ಶಾಲೆ’ ಎಂಬ ಅರ್ಥದ ಹೆಸರಿರುವ ಪಾಲಕರ ರಾಷ್ಟ್ರೀಯ ಸಂಘಟನೆ ಇದಕ್ಕಾಗಿ ಒಪ್ಪಂದ ಪತ್ರ ಸಿದ್ಧಪಡಿಸಿತು. ವಯಸ್ಸಿಗೆ ತಕ್ಕಂತೆ ಅಂಶಗಳು ಬದಲಾಗುತ್ತವೆ. ಹದಿಹರೆಯದವರ ಹೆತ್ತವರು ಒಪ್ಪುವಂಥವು: ದೊಡ್ಡವರಿಲ್ಲದ ಮನೆಯಲ್ಲಿ ಮಕ್ಕಳ ಪಾರ್ಟಿಗೆ ಬಿಡುವುದಿಲ್ಲ, ಅಪ್ರಾಪ್ತರಿಗೆ ಮದ್ಯ ತಂದುಕೊಡುವುದಿಲ್ಲ, ಹೊರಗಿರುವ ಗಂಟೆಯ ಮಿತಿ ಪಾಲಿಸುತ್ತೇವೆ, ಬೇರೆಯವರ ಮಕ್ಕಳ ಮೇಲೂ ಕಣ್ಣಿಡುತ್ತೇವೆ. ಕೊನೆಯದು ದೊಡ್ಡ ಮಾತು. ನಿಮ್ಮ ಮಗನನ್ನು ಎಲ್ಲೋ ನೋಡಿದೆ ಎಂದು ಇನ್ನೊಬ್ಬರು ಫೋನ್ ಮಾಡಿದಾಗ ಅದನ್ನು ಅವಮಾನವೆಂದುಕೊಳ್ಳದಿರಲು ಮೊದಲೇ ಅನುಮತಿ ಕೊಟ್ಟಂತೆ ಅದು.

ಸಹಿ ಮಾಡಿಸುವುದಕ್ಕೂ ಕ್ರಮವಿದೆ. ಮಗುವಿನ ಚೀಲದಲ್ಲಿ ಪತ್ರ ಹಾಕಿ ಕಳಿಸಿದರೆ ಅದು ಸಹಿಯಾಗಿ ವಾಪಸು ಬರುತ್ತದೆ, ಒಪ್ಪಂದ ಮಾತ್ರ ಆಗಿರುವುದಿಲ್ಲ. ಶಾಲಾ ವರ್ಷದ ಮೊದಲ ವಾರಗಳಲ್ಲೇ ತರಗತಿಯ ಹೆತ್ತವರೆಲ್ಲ ಒಂದೆಡೆ ಕೂತು, ಪ್ರತಿ ಅಂಶವನ್ನೂ ಚರ್ಚಿಸಿ, ಬೇಡದ್ದನ್ನು ಹೊಡೆದುಹಾಕಿ, ಆಮೇಲೆ ಸಹಿ ಹಾಕಬೇಕು. ಗೋಡೆಗೆ ತೂಗಿಬಿಟ್ಟ ಒಪ್ಪಂದಕ್ಕಿಂತ, ಅದನ್ನು ಒಪ್ಪುವಾಗ ಪರಿಚಯವಾದ ಇನ್ನೊಂದು ಮಗುವಿನ ಅಮ್ಮನ ಫೋನ್ ನಂಬರ್ ಹೆಚ್ಚು ಕೆಲಸ ಮಾಡುತ್ತದೆ.

ಇದರ ಮುಂದುವರಿಕೆಯೇ ಪಾಲಕರ ರಾತ್ರಿ ನಡಿಗೆ. ವಾರಾಂತ್ಯದ ರಾತ್ರಿ ಕೆಲವು ಹೆತ್ತವರು ಸರದಿಯಂತೆ ತಮ್ಮ ಬಡಾವಣೆಯಲ್ಲಿ ಸುತ್ತುತ್ತಾರೆ. ಹಿಡಿಯುವುದು, ಗದರಿಸುವುದು ಅವರ ಕೆಲಸವಲ್ಲ, ಕಣ್ಣಿಗೆ ಬೀಳುವುದಷ್ಟೇ. ಕುಡಿಯಲು ಗುಂಪು ಸೇರುವ ಜಾಗದಲ್ಲಿ ಗೆಳೆಯನ ಅಪ್ಪ ‘ಏನ್ರೋ, ಚಳಿ ಆಗ್ತಿಲ್ವಾ’ ಎಂದು ಮಾತಾಡಿಸಿ ಹೋದರೆ ಆ ಜಾಗದ ಆಕರ್ಷಣೆ ಅರ್ಧ ಇಳಿಯುತ್ತದೆ. ನಡಿಗೆಗೆ ಬಂದವರು ಪೊಲೀಸರಂತೆ ವರ್ತಿಸಲು ಹೊರಟರೆ ಮಕ್ಕಳು ಬೇರೆ ಜಾಗ ಹುಡುಕಿಕೊಳ್ಳುತ್ತಾರೆ, ಅಷ್ಟೇ.

ಹೆತ್ತವರಿಗೆ ಹೇಳಿದ ಇನ್ನೊಂದು ಸಂಗತಿ ಹಲವರಿಗೆ ಇರಿಸುಮುರಿಸು ತಂದಿರಬೇಕು. ವಾರಕ್ಕೊಮ್ಮೆ ಸಿನಿಮಾ, ಹೋಟೆಲು ಎಂದು ‘ಗುಣಮಟ್ಟದ ಸಮಯ’ ಕೊಟ್ಟರೆ ಸಾಕು ಎಂಬ ನಂಬಿಕೆಗೆ ಸಮೀಕ್ಷೆಯ ಬೆಂಬಲ ಇರಲಿಲ್ಲ. ಲೆಕ್ಕಕ್ಕೆ ಬಂದದ್ದು ಒಟ್ಟು ಹೊತ್ತು: ಒಂದೇ ಕೋಣೆಯಲ್ಲಿ ಅವರವರ ಕೆಲಸ ಮಾಡಿಕೊಂಡಿದ್ದದ್ದು, ಊಟಕ್ಕೆ ಜೊತೆಗೆ ಕೂತದ್ದು, ಕಾರಿನಲ್ಲಿ ಆಟದ ಮೈದಾನಕ್ಕೆ ಬಿಟ್ಟು ಬಂದದ್ದು. 2006ರಿಂದ ದೇಶದ ಅಧ್ಯಕ್ಷರ ಆಶ್ರಯದಲ್ಲಿ ವರ್ಷಕ್ಕೊಮ್ಮೆ ನಡೆಯುವ ವ್ಯಸನ ತಡೆ ದಿನಾಚರಣೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳ ಮುಂದಿಡುವ ಮೂರು ಮಾತುಗಳಲ್ಲಿ ಮೊದಲನೆಯದು ದಿನಕ್ಕೆ ಕನಿಷ್ಠ ಒಂದು ಗಂಟೆ ಮನೆಯವರ ಜೊತೆ ಇರಿ ಎಂಬುದೇ. ಉಳಿದವು ಸಂಘಟಿತ ಆಟ-ಚಟುವಟಿಕೆಗಳಲ್ಲಿ ತೊಡಗುವುದು, ಮದ್ಯದ ಮೊದಲ ಗುಟುಕನ್ನು ಪ್ರತಿ ವರ್ಷವೂ ಮುಂದೂಡುವುದು.

1997ರಲ್ಲಿ ವಾರದ ದಿನಗಳಲ್ಲಿ ಹೆತ್ತವರ ಜೊತೆ ಆಗಾಗ ಅಥವಾ ಯಾವಾಗಲೂ ಎಂಬಷ್ಟು ಹೊತ್ತು ಕಳೆಯುತ್ತೇವೆ ಎಂದ ಹದಿನೈದು-ಹದಿನಾರರ ಮಕ್ಕಳು ಶೇ 23. 2012ಕ್ಕೆ ಶೇ 46.

ಹಣ ಹೋದ ದಾರಿ

ಬೀದಿಯಲ್ಲಿ ಇರಬೇಡಿ ಎಂದ ಮೇಲೆ ಎಲ್ಲಿರಬೇಕು ಎಂಬುದಕ್ಕೆ ಉತ್ತರ ಬೇಕಲ್ಲ. ಆಟ, ಸಂಗೀತ, ನೃತ್ಯ, ಚಿತ್ರಕಲೆಯ ಕ್ಲಬ್‌ಗಳಿಗೆ ಸರ್ಕಾರ ಮತ್ತು ಪುರಸಭೆಗಳು ಅನುದಾನ ಹೆಚ್ಚಿಸಿದವು. 2000ದಿಂದ ಕೆಫ್ಲಾವಿಕ್ ಪಟ್ಟಣದಿಂದ ಆರಂಭಿಸಿ ಹಲವೆಡೆ ಪೂರ್ಣ ಅಳತೆಯ ಒಳಾಂಗಣ ಫುಟ್‌ಬಾಲ್ ಮೈದಾನಗಳು ಎದ್ದವು. ಹಿಮ ಬೀಳುವ ಆರೇಳು ತಿಂಗಳೂ ಆಟ ನಿಲ್ಲಬಾರದು ಎಂಬುದು ಉದ್ದೇಶ. 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು 2-1ರಿಂದ ಮಣಿಸಿದ ತಂಡಕ್ಕೂ ಈ ಮೈದಾನಗಳಿಗೂ ನಂಟು ಕಲ್ಪಿಸುವವರು ಬಹಳ. ಇಲ್ಲಿನ ವಿಷಯಕ್ಕೆ ಬೇಕಾದದ್ದು ಅದಲ್ಲ. ರಾಷ್ಟ್ರೀಯ ತಂಡಕ್ಕೆ ಎಂದೂ ಆಯ್ಕೆಯಾಗದ ಸಾವಿರಾರು ಮಕ್ಕಳಿಗೆ ವಾರಕ್ಕೆ ನಾಲ್ಕು ಸಂಜೆ ತಮ್ಮ ಹೆಸರು ಹಿಡಿದು ಕರೆಯುವ, ತರಬೇತಿ ಪಡೆದ, ಸಂಬಳ ಪಡೆಯುವ ಒಬ್ಬ ಕೋಚ್ ಸಿಕ್ಕರು ಎಂಬುದು ಬೇಕಾದದ್ದು. ಬೆಥೆಲ್ ಪಟ್ಟಿಯ ‘ಇಬ್ಬರು ಹಿರಿಯರು’ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಇದೊಂದು ನೇರ ಉತ್ತರ.

ಶುಲ್ಕ ಕಟ್ಟಲಾಗದ ಮನೆಗಳಿಗಾಗಿ ರೇಕ್ಯಾವಿಕ್ 2007ರಲ್ಲಿ ‘ಬಿಡುವಿನ ಕಾರ್ಡ್’ ತಂದಿತು. ಆರರಿಂದ ಹದಿನೆಂಟರವರೆಗಿನ ಪ್ರತಿ ಮಗುವಿನ ಹೆಸರಿನಲ್ಲಿ ವರ್ಷಕ್ಕೊಂದು ಮೊತ್ತ. ಕೆಲಕಾಲ ಅದು 35,000 ಕ್ರೋನ, ಅಂದಿನ ದರದಲ್ಲಿ ಸುಮಾರು ಇಪ್ಪತ್ತು ಸಾವಿರ ರೂಪಾಯಿ. ಆಮೇಲೆ ಇನ್ನೂ ಏರಿಸಿದರು. ಹಣ ಮನೆಯವರ ಕೈಗೆ ಬರುವುದಿಲ್ಲ. ಕ್ಲಬ್‌ಗೆ ಹೆಸರು ನೋಂದಾಯಿಸುವಾಗ ಮಗುವಿನ ಖಾತೆಯಿಂದ ಶುಲ್ಕ ನೇರವಾಗಿ ಕಡಿತವಾಗುತ್ತದೆ. ಎರಡು ದಿನದ ಶಿಬಿರಕ್ಕೆ ಅದನ್ನು ಬಳಸುವಂತಿಲ್ಲ, ವಾರಗಟ್ಟಲೆ ಸತತವಾಗಿ ನಡೆಯುವ ಚಟುವಟಿಕೆಯೇ ಆಗಬೇಕು. ಬಡವರಿಗೆ ಮಾತ್ರ ಎಂದು ಇಟ್ಟಿದ್ದರೆ ಕಾರ್ಡ್ ತೋರಿಸುವುದೇ ನಾಚಿಕೆಯ ವಿಷಯವಾಗುತ್ತಿತ್ತು. ಎಲ್ಲರಿಗೂ ಕೊಟ್ಟದ್ದರಿಂದ ಆ ತೊಡಕು ತಪ್ಪಿತು.

ಆಟವೆಂದರೆ ಯಾವ ಆಟವಾದರೂ ಸರಿಯೇ? ಅಲ್ಲ. ಇಲ್ಲಿ ಅನುಕರಿಸುವವರು ಎಡವುವುದು ಹೆಚ್ಚು. ಐಸ್‌ಲ್ಯಾಂಡಿನ ಸಂಶೋಧಕರೇ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ ಕ್ಲಬ್‌ನ ಶಿಸ್ತಿನೊಳಗಿನ ಆಟ ಮಕ್ಕಳನ್ನು ಮದ್ಯದಿಂದ ದೂರವಿಟ್ಟಿತ್ತು, ದೊಡ್ಡವರಿಲ್ಲದೆ ತಾವೇ ಸೇರಿ ಆಡುವ ಆಟಕ್ಕೆ ಆ ಗುಣ ಇರಲಿಲ್ಲ. ಸ್ವೀಡನ್‌ನಲ್ಲಿ ಸಂಶೋಧಕರಾದ ಮಹೋನಿ ಮತ್ತು ಸ್ಟಾಟಿನ್ 2000ದಲ್ಲಿ ತೋರಿಸಿದ್ದೂ ಇದೇ ಬಗೆಯದು: ನಿಶ್ಚಿತ ಚಟುವಟಿಕೆಯಿಲ್ಲದೆ ಬಿಲಿಯರ್ಡ್ಸ್ ಮೇಜು, ಟಿವಿ ಇಟ್ಟು ಸುಮ್ಮನೆ ಬಂದು ಕೂರಲು ಬಿಟ್ಟ ಯುವಕೇಂದ್ರಗಳಿಗೆ ಹೋಗುವ ಮಕ್ಕಳಲ್ಲಿ ಪುಂಡಾಟ ಹೆಚ್ಚು. ಕಟ್ಟಡ ಕಟ್ಟಿ, ಕೇರಂ ಬೋರ್ಡ್ ಇಟ್ಟು, ಉದ್ಘಾಟನೆ ಮಾಡಿ ಬರುವ ಅಭ್ಯಾಸ ನಮ್ಮಲ್ಲೂ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಯಿತು. ಖರ್ಚು ಮಾಡಬೇಕಾದದ್ದು ಮೊದಲು ಮನುಷ್ಯನ ಮೇಲೆ, ಆಮೇಲೆ ಮೇಜಿನ ಮೇಲೆ.

ವಾರಕ್ಕೆ ನಾಲ್ಕು ಅಥವಾ ಹೆಚ್ಚು ಸಲ ಸಂಘಟಿತ ಆಟದಲ್ಲಿ ತೊಡಗಿದವರು 1997ರಲ್ಲಿ ಶೇ 24 ಇದ್ದದ್ದು 2012ಕ್ಕೆ ಶೇ 42 ಆಯಿತು.

ಯಂತ್ರದ ಎಂಜಿನ್: ಎರಡು ತಿಂಗಳಲ್ಲಿ ಮರಳುವ ವರದಿ

ಪ್ರಶ್ನಾವಳಿಯ ದಿನ ತರಗತಿಯಲ್ಲಿ ಹೀಗೆ ನಡೆಯುತ್ತಿತ್ತು. ಆ ದಿನ ಹಾಜರಿರುವ ಎಲ್ಲ ಮಕ್ಕಳಿಗೂ ಹಾಳೆಗಳ ಕಟ್ಟು ಮತ್ತು ಒಂದು ಲಕೋಟೆ. ಹೆಸರು, ಗುರುತು ಬರೆಯಬಾರದು. ಬೇಡವೆಂದರೆ ಬಿಡಬಹುದಿತ್ತು, ಮನೆಯವರು ಮೊದಲೇ ಬೇಡವೆಂದಿದ್ದರೆ ಕೊಡುತ್ತಿರಲಿಲ್ಲ. ಬರೆದು ಮುಗಿದ ಮೇಲೆ ಮಗುವೇ ಲಕೋಟೆಗೆ ಹಾಕಿ ಅಂಟಿಸುತ್ತಿತ್ತು. ಶಿಕ್ಷಕರು ಮೇಲ್ವಿಚಾರಣೆಗೆ ಇರುತ್ತಿದ್ದರು, ಉತ್ತರ ನೋಡುತ್ತಿರಲಿಲ್ಲ. ಉತ್ತರಿಸುವವರ ಪ್ರಮಾಣ ಸಾಮಾನ್ಯವಾಗಿ ಶೇ 80ಕ್ಕಿಂತ ಮೇಲೆ. ವಿಶ್ಲೇಷಣೆ ಮಾಡುತ್ತಿದ್ದದ್ದು 1999ರಲ್ಲಿ ಹುಟ್ಟಿದ ಸಾಮಾಜಿಕ ಸಂಶೋಧನೆ ಮತ್ತು ವಿಶ್ಲೇಷಣಾ ಕೇಂದ್ರ.

ಸುಮಾರು ಎರಡು ತಿಂಗಳಲ್ಲಿ ವರದಿ ಊರಿಗೆ ಬರುತ್ತಿತ್ತು. ಶಾಲೆಗೆ ಅದರದೇ ಅಂಕಿ, ಪಕ್ಕದಲ್ಲಿ ಇಡೀ ದೇಶದ ಅಂಕಿ. ಶಾಲೆ ಶಾಲೆಗಳನ್ನು ಸಾಲಾಗಿ ನಿಲ್ಲಿಸಿ ಯಾರು ಮೇಲು ಯಾರು ಕೀಳು ಎಂದು ಪ್ರಕಟಿಸುತ್ತಿರಲಿಲ್ಲ. ಹಾಗೆ ಮಾಡಿದರೆ ಮುಂದಿನ ವರ್ಷ ಮುಖ್ಯ ಶಿಕ್ಷಕರೇ ಮಕ್ಕಳಿಗೆ ‘ಸರಿಯಾಗಿ ಬರೆಯಿರಿ’ ಎಂದು ಕಿವಿಮಾತು ಹೇಳಲು ಶುರುಮಾಡುತ್ತಾರೆ, ಅಲ್ಲಿಗೆ ಸಮೀಕ್ಷೆಯ ಕಥೆ ಮುಗಿಯಿತು.

ಬೇಗ ಬರುವುದಕ್ಕೆ ಕಾರಣವಿದೆ. ವರದಿ ಎರಡು ವರ್ಷ ತಡವಾಗಿ ಬಂದರೆ ಅದು ಶಾಲೆ ಬಿಟ್ಟುಹೋದ ಮಕ್ಕಳ ಮಾತಾಗಿರುತ್ತದೆ, ಹೆತ್ತವರು ನಮ್ಮ ಮಕ್ಕಳು ಹಾಗಲ್ಲ ಎಂದು ಎದ್ದುಹೋಗುತ್ತಾರೆ. ಈ ವರ್ಷದ, ಈ ತರಗತಿಯ ಅಂಕಿಯನ್ನು ಮುಂದಿಟ್ಟರೆ ಆ ಬಾಗಿಲು ಮುಚ್ಚಿರುತ್ತದೆ. ದೇಶದ ಸರಾಸರಿ ಯಾರನ್ನೂ ಕುರ್ಚಿಯಿಂದ ಎಬ್ಬಿಸುವುದಿಲ್ಲ. ನಮ್ಮ ಬಡಾವಣೆಯ ಹತ್ತನೇ ತರಗತಿಯಲ್ಲಿ ಇಷ್ಟು ಮಕ್ಕಳಿಗೆ ಶಾಲೆಯಲ್ಲಿ ಮಾತಾಡಲು ಒಬ್ಬ ದೊಡ್ಡವರೂ ಇಲ್ಲ ಎಂಬ ಸಾಲು ಎಬ್ಬಿಸುತ್ತದೆ. 2008ರ ಅಕ್ಟೋಬರ್‌ನಲ್ಲಿ ದೇಶದ ಮೂರೂ ದೊಡ್ಡ ಬ್ಯಾಂಕುಗಳು ಕುಸಿದಾಗ ಎಲ್ಲ ಬಜೆಟ್‌ಗಳಿಗೂ ಕತ್ತರಿ ಬಿತ್ತು, ಆದರೂ ಮಕ್ಕಳ ಕುಡಿತ ಮತ್ತೆ ಏರಲಿಲ್ಲ.

ಎಲ್ಲಿ ಸೋರಿತು

ಮೊದಲ ಆಕ್ಷೇಪ ವಿಧಾನದ್ದು. ಇಡೀ ದೇಶವನ್ನೇ ಒಳಗೊಂಡ ಬದಲಾವಣೆಗೆ ಹೋಲಿಸಿ ನೋಡಲು ಇನ್ನೊಂದು ಐಸ್‌ಲ್ಯಾಂಡ್ ಇಲ್ಲ. ಇಳಿಕೆಯಲ್ಲಿ ಎಷ್ಟು ಪಾಲು ಕಾನೂನಿನದು, ಎಷ್ಟು ಆಟದ್ದು, ಎಷ್ಟು ಯೂರೋಪಿನಾದ್ಯಂತ ಬೀಸಿದ ಗಾಳಿಯದು ಎಂದು ಬಿಡಿಸಿ ಹೇಳಲಾಗದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅಂಕಿಗಳು ಇಳಿದ ಅದೇ ವರ್ಷಗಳಲ್ಲಿ ಕಾಪಾಡುವ ಅಂಶಗಳು ಏರಿದ್ದನ್ನೂ ಅದೇ ಪ್ರಶ್ನಾವಳಿ ಅಳೆದಿದೆ.

ಎರಡನೆಯದು ಹೆಚ್ಚು ನೋಯಿಸುವಂಥದ್ದು. ಸಿಗರೇಟು, ಮದ್ಯ ಇಳಿದ ಅದೇ ದೇಶದಲ್ಲಿ ಹದಿಹರೆಯದ ಹುಡುಗಿಯರ ಖಿನ್ನತೆ, ಆತಂಕದ ಲಕ್ಷಣಗಳು ಏರಿವೆ. ಕೋವಿಡ್ ಕಾಲದಲ್ಲಿ ಸುಮಾರು 59,700 ಮಕ್ಕಳ ಉತ್ತರಗಳನ್ನು ಆಧರಿಸಿದ ಅಧ್ಯಯನದಲ್ಲಿ ಅಮಲು ಮತ್ತು ಧೂಮಪಾನ ಇನ್ನಷ್ಟು ಇಳಿದಿದ್ದರೆ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು, ಅದರಲ್ಲೂ ಹುಡುಗಿಯರಲ್ಲಿ. ಅಂದರೆ ಸಂಜೆಗಳನ್ನು ತುಂಬಿದರೆ ಮನಸ್ಸೂ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ಈ ಪ್ರಕರಣ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ರಾತ್ರಿ ಹತ್ತಕ್ಕೆ ಮನೆಯಲ್ಲಿರುವ ಮಗುವಿನ ಕೈಯಲ್ಲಿ ಫೋನ್ ಇದೆ, ಅದಕ್ಕೆ ಫ್ರಿಜ್ ಮೇಲಿನ ಹಾಳೆಯಲ್ಲಿ ಗಂಟೆ ಬರೆದಿರಲಿಲ್ಲ. ಇ-ಸಿಗರೇಟು ಬಂದಾಗಲೂ ಹಳೆಯ ಪ್ರಶ್ನಾವಳಿಗೆ ಹೊಸ ಪ್ರಶ್ನೆ ಸೇರಿಸಿ ಕಾಯಬೇಕಾಯಿತು.

ಮೂರನೆಯದು, ವಲಸೆ ಬಂದ ಕುಟುಂಬಗಳ ಮಕ್ಕಳು. ಸಂಘಟಿತ ಆಟದಲ್ಲಿ ಅವರ ಪಾಲು ಸ್ಥಳೀಯ ಮಕ್ಕಳಿಗಿಂತ ಕಡಿಮೆ. ಕಾರ್ಡ್‌ನಲ್ಲಿ ಹಣ ಇದ್ದರೂ ನೋಂದಣಿ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ, ಪಾಲಕರ ಸಭೆ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ, ಅಪ್ಪ-ಅಮ್ಮ ಪಾಳಿಯ ಕೆಲಸದಲ್ಲಿ. ಎಲ್ಲರಿಗೂ ತೆರೆದಿಟ್ಟದ್ದು ಎಲ್ಲರಿಗೂ ತಲುಪುವುದಿಲ್ಲ. ಕೆಲವು ಪುರಸಭೆಗಳು ಚಿಕ್ಕ ಮಕ್ಕಳನ್ನು ಶಾಲೆಯ ಬಳಿಯಿಂದ ನೇರ ತರಬೇತಿಗೆ ಕರೆದೊಯ್ಯುವ ಬಸ್ಸು ಓಡಿಸುತ್ತವೆ. ಕರೆದುಕೊಂಡು ಹೋಗಲು ಯಾರೂ ಇಲ್ಲದ ಮಗುವಿಗೆ ಇದು ಉಪಯೋಗ, ಭಾಷೆಯ ತೊಡಕಿಗೆ ಅಲ್ಲ.

ಬೇರೆ ಊರಿಗೆ ಒಯ್ಯುವವರಿಗೆ

ಈ ಮಾದರಿ 2006ರಿಂದ ಯೂರೋಪಿನ ಇತರ ನಗರಗಳಿಗೂ, ಆಮೇಲೆ ಚಿಲಿ, ಐರ್ಲೆಂಡ್ ಮುಂತಾದೆಡೆಗೂ ಹೋಯಿತು. 2020ರಲ್ಲಿ ಅದನ್ನು ರೂಪಿಸಿದವರು ಹತ್ತು ಹೆಜ್ಜೆಗಳಾಗಿ ಬರೆದಿಟ್ಟರು. ಸ್ಥಳೀಯ ಕೂಟ ಕಟ್ಟುವುದರಿಂದ ಆರಂಭವಾಗಿ ಹಣ, ಸಮೀಕ್ಷೆ, ಫಲಿತಾಂಶ ಹಂಚಿಕೆ, ಊರಿನ ಗುರಿ ನಿಗದಿ, ನಿಯಮಗಳ ಹೊಂದಾಣಿಕೆ ಎಂದು ಅದು ಸಾಗುತ್ತದೆ. ಹತ್ತನೇ ಹೆಜ್ಜೆ: ಮುಂದಿನ ವರ್ಷ ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡು. ಹೊರಗೆ ಒಯ್ದವರು ಹೆಚ್ಚಾಗಿ ಬಿಟ್ಟುಬಿಡುವ ಹೆಜ್ಜೆ ಇದೇ. ಒಮ್ಮೆ ಸಮೀಕ್ಷೆ ಮಾಡಿ, ವರದಿ ಬಿಡುಗಡೆ ಸಮಾರಂಭ ಮಾಡಿ, ಅಲ್ಲಿಗೆ ಕೈತೊಳೆದುಕೊಂಡರೆ ಮಕ್ಕಳ ಸಮಯ ತಿಂದದ್ದಷ್ಟೇ ಲಾಭ.

ಕರ್ನಾಟಕದಲ್ಲಿ ಇದನ್ನು ಓದುವವರು ಎರಡು ವ್ಯತ್ಯಾಸ ಗಮನಿಸಬೇಕು. ನಮ್ಮ ಪೇಟೆಯ ಮಕ್ಕಳ ಸಂಜೆ ಖಾಲಿಯಿಲ್ಲ, ಅದನ್ನು ಟ್ಯೂಷನ್ ತಿಂದಿದೆ. ಅಲ್ಲಿ ದೊಡ್ಡವರೊಬ್ಬರು ಇರುತ್ತಾರೆ ನಿಜ, ಮಗುವಿನ ಅಂಕ ಬಿಟ್ಟು ಬೇರೆ ಏನಾದರೂ ವಿಚಾರಿಸುತ್ತಾರೆಯೇ ಎಂಬುದೇ ಪ್ರಶ್ನೆ. ಹಳ್ಳಿಯ ಮಕ್ಕಳ ಸಂಜೆಗೆ ಒಳಾಂಗಣ ಮೈದಾನ ಸಿಗುವುದಿಲ್ಲ, ಆದರೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಡಿ ಆರರಿಂದ ಹದಿನೆಂಟರ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವೂ ಇದೆ. ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ, ಅದರಲ್ಲಿ ಹೆತ್ತವರಿದ್ದಾರೆ. ಚೌಕಟ್ಟು ಹೊಸದಾಗಿ ಕಟ್ಟಬೇಕಿಲ್ಲ.

ಒಂದು ಶಾಲೆಯ ಮಟ್ಟದಲ್ಲಿ ಮೊದಲ ವರ್ಷಕ್ಕೆ ಇಷ್ಟು ಸಾಕು. ಎಂಟರಿಂದ ಹತ್ತನೇ ತರಗತಿಯವರಿಗೆ ಹೆಸರಿಲ್ಲದ, ಎರಡು ಪುಟ ಮೀರದ ಪ್ರಶ್ನಾವಳಿ, ಅಂಟಿಸಿದ ಲಕೋಟೆಯಲ್ಲಿ. ಎಣಿಕೆಯನ್ನು ಆ ಶಾಲೆಯ ಶಿಕ್ಷಕರಲ್ಲದವರು ಮಾಡಬೇಕು. ಒಂದು ತರಗತಿಯಲ್ಲಿ ಮಕ್ಕಳು ತೀರಾ ಕಡಿಮೆಯಿದ್ದರೆ ಆ ತರಗತಿಯ ಅಂಕಿಯನ್ನು ಬೇರೆಯಾಗಿ ತೋರಿಸಬಾರದು, ಯಾರು ಬರೆದದ್ದೆಂದು ಊಹಿಸಿಬಿಡುತ್ತಾರೆ. ಮನೆಯಲ್ಲಿ ಹೊಡೆತ, ಕಿರುಕುಳದಂಥ ಪ್ರಶ್ನೆ ಕೇಳುವುದಾದರೆ ಹಾಳೆಯ ಕೊನೆಯಲ್ಲಿ ಮಕ್ಕಳ ಸಹಾಯವಾಣಿ 1098 ದೊಡ್ಡಕ್ಷರದಲ್ಲಿ ಇರಲೇಬೇಕು. ಫಲಿತಾಂಶದಿಂದ ಎರಡೇ ಅಂಶ ಆರಿಸಿಕೊಳ್ಳಬೇಕು, ಐದಾರು ಹಿಡಿದರೆ ಒಂದೂ ಆಗುವುದಿಲ್ಲ. ಹೆತ್ತವರ ಸಭೆಯನ್ನು ಕೂಲಿ ಮುಗಿಸಿ ಬರುವವರ ಹೊತ್ತಿಗೆ ಇಡಬೇಕು, ಬೆಳಿಗ್ಗೆ ಹನ್ನೊಂದಕ್ಕಲ್ಲ. ಮುಂದಿನ ಸಮೀಕ್ಷೆಯ ತಿಂಗಳನ್ನು ಅದೇ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಬೇಕು.